ನಮ್ಮಕ್ಕನ ಮುಗಿಯದ ನರ್ಸಿಂಗು

ನಮ್ಮಕ್ಕ ಪಾಸಾಗಿ ಪಾಸಾಗಿಯೇ ಕೆಟ್ಟವಳು! ಏಳನೇ ಕ್ಲಾಸಿಗೇ ಪುಸ್ತಕ ಬಿಸಾಕಿ ವೆಲ್ಡಿಂಗ್ ಕಲಿತ ನಾನು ಹೀಗಂದರೆ ಹೊಟ್ಟೆಕಿಚ್ಚು ಅನ್ನುತ್ತೀರಿ. ಅನ್ನಿ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನನ್ನದೇ ಅಂಗಡಿ ಇದೆ. ನಾನು ಮಾಡಿದ ಗೇಟು ತೆರೆಯುತ್ತೆ, ಮುಚ್ಚುತ್ತೆ. ಅದಕ್ಕೆ ಯಾವ ಸರ್ಟಿಫಿಕೇಟು ಬೇಕು?

ಅಕ್ಕ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕುಣಿಗಲ್‌ನ ಆಸ್ಪತ್ರೆಯೊಂದಕ್ಕೆ ಸೇರಿದಾಗ, ಸದ್ಯ, ಓದು ಮುಗೀತು ಅಂದುಕೊಂಡೆವು. ಎಲ್ಲಿ! ಐದಾರು ವರ್ಷಕ್ಕೆ ಬಿ.ಎಸ್ಸಿ. ಶುರುವಾಯಿತು. ಬಸ್ಸಿನಲ್ಲಿ ನಿಂತೇ ಓದುತ್ತಿದ್ದಳು. ಗುಬ್ಬಿಯ ಸೋದರತ್ತೆ ಕೇಳಿಯೇ ಬಿಟ್ಟರು: "ಇನ್ನೂ ಪಾಸಾಗಿಲ್ವೇನವ್ವಾ?"

"ಆದ್ನಲ್ಲ ಅತ್ತೆ, ಫಸ್ಟ್ ಕ್ಲಾಸು."

"ಸುಳ್ಳು ಬುಡು! ಪಾಸಾದೋರು ಯಾರಾದ್ರೂ ಮತ್ತೆ ಓದ್ತಾರಾ?"

ಡಿಗ್ರಿ ಬಂದ ಮಾರನೇ ದಿನವೂ ಅದೇ ವಾರ್ಡು, ಅದೇ ಕಿರುಗುಟ್ಟುವ ಟ್ರಾಲಿ. ಒಂದೇ ಬಡ್ತಿ: ಓದಿದವಳು ಅಂತ ಎಲ್ಲರ ರಿಜಿಸ್ಟರೂ ಇವಳೇ ಬರೆಯಬೇಕಾಯಿತು!

ಬುದ್ಧಿ ಬಂತಾ? ನಲವತ್ತರ ಹೊಸ್ತಿಲಲ್ಲಿ ಕೆಲಸಕ್ಕೆ ರಜೆ ಹಾಕಿ, ಎಂ.ಎಸ್ಸಿ. ಅಂತ ನಮ್ಮ ಮನೆಗೇ ಬಂದು ಕೂತಳು. "ಟೀಚರ್ ಆಗ್ತೀನಿ ಕಣೋ." ಸಕ್ಕರೆ ಕಾಯಿಲೆಯವರಿಗೆ ಕಾಲು ನೋಡಿಕೊಳ್ಳೋದನ್ನ ಕಲಿಸುವುದೇ ಅವಳ ಸಂಶೋಧನೆ. ಮೊದಲು ಪರೀಕ್ಷೆ, ಆಮೇಲೆ ಪಾಠ, ವಾರ ಬಿಟ್ಟು ಮತ್ತೆ ಅದೇ ಪರೀಕ್ಷೆ. ನನಗೂ ಸಕ್ಕರೆ ಇತ್ತಲ್ಲ, ಮೊದಲ ಬಲಿ ನಾನೇ!

ಮೂವತ್ತಕ್ಕೆ ಒಂಬತ್ತು ಬಂತು. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಪರವಾಗಿಲ್ಲ ಬಿಡೋ," ಅಂದಳು ಅಕ್ಕ. ಆ "ಪರವಾಗಿಲ್ಲ" ಅನ್ನೋದು ನನಗೆ ಚಪ್ಪಲಿಯಲ್ಲಿ ಹೊಡೆದ ಹಾಗಾಯಿತು. ಅಂಗಡಿಯಲ್ಲಿ ಒಂದು ಕೈಲಿ ಕಬ್ಬಿಣ, ಒಂದು ಕೈಲಿ ಅವಳ ಪಾಠದ ಹಾಳೆ ಹಿಡಿದು ಮೂವತ್ತೂ ಉತ್ತರ ಉರು ಹೊಡೆದೆ. ಆಗಲೇ ಬೆಂಕಿ ಕಿಡಿಯೊಂದು ಪಾದದ ಮೇಲೆ ಬಿದ್ದು ಸುಟ್ಟಿತ್ತು. ಸಕ್ಕರೆ ಕಾಲಿಗೆ ನೋವೆಲ್ಲಿ ಗೊತ್ತಾಗುತ್ತೆ? ಸಂಜೆ ಬೊಬ್ಬೆ ನೋಡಿದೆ. ಅಕ್ಕನಿಗೆ ತೋರಿಸಿದರೆ ಅಂಗಡಿಗೆ ಬೀಗ ಹಾಕಿಸುತ್ತಾಳೆ ಅಂತ ಸಾಕ್ಸ್ ಏರಿಸಿಕೊಂಡೆ.

ಎರಡನೇ ಪರೀಕ್ಷೆಯಲ್ಲಿ "ಕಾಲನ್ನು ಪ್ರತಿದಿನ ಪರೀಕ್ಷಿಸಬೇಕೇ?" ಅನ್ನುವುದಕ್ಕೆ, ಕೀವಾಗಿದ್ದ ಕಾಲು ಮಡಚಿಕೊಂಡು ಕೂತು "ಹೌದು" ಅಂತ ಬರೆದೆ. ಮೂವತ್ತಕ್ಕೆ ಮೂವತ್ತು! ಅಕ್ಕ ಕುಣಿದಾಡಿದಳು. "ಇವನಿಗೇ ಬಂತು ಅಂದ್ರೆ ಇನ್ಯಾರಿಗೆ ಬರಲ್ಲ!" ನಾನೂ ಮೀಸೆ ತಿರುವಿದೆ.

ನಾಲ್ಕು ದಿನ ಕಳೆದ ಮೇಲೆ ಊಟಕ್ಕೆ ಕೂತವಳು ಮೂಗು ಅರಳಿಸಿದಳು. "ಏನ್ಲಾ ಇದು ವಾಸನೆ? ಸಾಕ್ಸ್ ತೆಗಿ."

ಎರಡು ಬೆರಳು ಹೋದವು. ಪಾದ ಉಳಿಯಿತು.

ಆಸ್ಪತ್ರೆಯ ನರ್ಸುಗಳನ್ನು ಹತ್ತಿರ ಬಿಡದೆ ದಿನಾ ಅವಳೇ ಡ್ರೆಸ್ಸಿಂಗ್ ಮಾಡಿದಳು. ಒಂದು ದಿನ ಬ್ಯಾಂಡೇಜ್ ಸುತ್ತುತ್ತಾ ಸುತ್ತುತ್ತಾ ನಿಲ್ಲಿಸಿದಳು. "ಮಾರ್ಕ್ಸ್ ನೋಡ್ದೆ ಕಣೋ. ಕಾಲು ನೋಡ್ಲಿಲ್ಲ. ನಾನೆಂಥ ಟೀಚರ್ ಆಗ್ತೀನಿ?"

"ಮುಚ್ಚಿಟ್ಟೋನು ನಾನಲ್ವೇನಕ್ಕಾ," ಅಂದೆ. ಜನ್ಮದಲ್ಲಿ ಯಾರ ಹತ್ತಿರವೂ ತಪ್ಪು ಒಪ್ಪಿಕೊಂಡವನಲ್ಲ.

ಅವಳು ತಲೆ ಎತ್ತಲಿಲ್ಲ. ಬೈತಲೆ ಪೂರಾ ಬೆಳ್ಳಗಾಗಿತ್ತು. ಯಾವಾಗ ಆಯಿತೋ! ಚಿಕ್ಕವರು ದೊಡ್ಡವರ ತಲೆ ಮುಟ್ಟಬಾರದು ಅಂತಾರೆ. ಮುಟ್ಟಿದೆ.