ಬದಲಿ ಬೇಕಾಗಿದೆ

ಆ ಬೆಳಿಗ್ಗೆ ಬಿದ್ದ ಮಂಜಿಗೆ ಎದುರಿನ ಕಟ್ಟಡವನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದಂತಿತ್ತು. ಕಾಣದ್ದನ್ನು ನಂಬಿ ಹೆಜ್ಜೆಯಿಡುವುದೇ ಬಾಳು ಎಂದುಕೊಳ್ಳುತ್ತ ಗುಮಾಸ್ತ ಆಫೀಸಿನ ಮೆಟ್ಟಿಲು ಹತ್ತಿದ. ಆಸ್ಪತ್ರೆ, ಗೋದಾಮು, ಅಂಗಡಿ, ಯಾರು ಕೇಳಿದರೂ ಕೆಲಸಕ್ಕೆ ಜನ ಕಳಿಸಿಕೊಡುವ ಆಫೀಸು ಅದು. ಇವತ್ತು ಜನ ಬೇಕಾಗಿದ್ದದ್ದು ಅವನಿಗೇ.

ನಾಳೆ ಅವನ ತಾಯಿಯ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. "ಮೊದಲು ನಿನ್ನ ಮುಖಾನೇ ಕಾಣ್ಬೇಕು ಕಣಪ್ಪ," ಎಂದಿದ್ದಳು ಆಕೆ. ಬದಲಿಗೊಬ್ಬರು ಸಿಕ್ಕರೆ ಹೋಗು ಎಂದಿದ್ದರು ಮ್ಯಾನೇಜರು. ಬದಲಿಯನ್ನು ಆರಿಸುವುದು ಮಾತ್ರ ಅವರಲ್ಲ, ಹೊಸ ಸಾಫ್ಟ್‌ವೇರು.

ಅದರ ಮುಂದೆ ಎಲ್ಲರೂ ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಕೋರಿಕೆ ಹಾಕಿದರೆ ಪರದೆಯ ಮೇಲೆ ಹಳದಿ, ಜಾಗ ತುಂಬಿದರೆ ಹಸಿರು. ಊರಿನ ಅಷ್ಟೂ ಜನರ ಬಿಡುವು, ಬವಣೆ ಅದಕ್ಕೆ ಗೊತ್ತು.

ಗುಮಾಸ್ತ ಕೋರಿಕೆ ಹಾಕಿದ. ಹಳದಿ ಮೂಡಿತು. ಪಕ್ಕದಲ್ಲೇ, 'ಸೂಕ್ತರು: ನಲವತ್ತು.'

"ನಲವತ್ತರಲ್ಲಿ ಯಾವನೋ ಬಂದು ಫೈಲೆಲ್ಲ ಕಲಸುಮೇಲೋಗರ ಮಾಡಿ ಹೋದ್ರೆ?" ಎಂದಳು ಫೋನು ನೋಡಿಕೊಳ್ಳುವ ಅಕ್ಕ. "ಅನುಭವ ಇರೋರು ಅಂತ ಸೇರಿಸು."

ಸೇರಿಸಿದ. ನಲವತ್ತು ಇಳಿದು ಹನ್ನೊಂದಾಯಿತು.

"ನಮ್ಮ ಆಫೀಸು ಗೊತ್ತಿರೋರು ಅಂತಾನೂ ಹಾಕಯ್ಯ," ಎಂದರು ಲೆಕ್ಕದ ರಾಯರು. "ಹೊಸಬರಿಗೆ ಫೈಲಿನ ಬೀರು ತೋರಿಸೋದ್ರಲ್ಲೇ ನನ್ನ ಆಯಸ್ಸು ಕಳೆಯುತ್ತೆ."

ಹನ್ನೊಂದು ಇಳಿದು ಎರಡಾಯಿತು.

ಬಾಗಿಲು ಕಾಯುವವನೂ ಇಣುಕಿದ. "ಸಿಡುಕ್ರು ಬೇಡ ಸಾರ್. ಒಂದೂ ದೂರು ಇಲ್ದೋರನ್ನ ಕೇಳಿ."

ಬಿಸಿಲಲ್ಲಿಟ್ಟ ಬೆಣ್ಣೆಯಂತೆ ಆ ಎರಡೂ ಕರಗಿದವು. 'ಸೂಕ್ತರು: ಯಾರೂ ಇಲ್ಲ.' ಹಾಕಿದ ಷರತ್ತು ತೆಗೆಯಲು ಬರುವುದಿಲ್ಲವೆಂದು ಗೊತ್ತಾದದ್ದು ಆಮೇಲೆ.

ಗುಮಾಸ್ತನ ಮುಖ ಸೋರಿದ ಮಡಕೆಯಂತೆ ಬರಿದಾಯಿತು. ಮಧ್ಯಾಹ್ನದವರೆಗೆ ಕಾದು, ಕೊನೆಗೆ ಮ್ಯಾನೇಜರ ಕೋಣೆಗೆ ಹೋದ. "ಸಾರ್, ರಜೆ ಕೊಟ್ಟಾಗಿದೆ ಅಂತ ಮೊದಲೇ ಒತ್ತಿಬಿಡಿ. ಅದಕ್ಕೂ ನನ್ನ ಅವಸರ ತಿಳೀಲಿ."

ಅಷ್ಟಕ್ಕೇ ಅದು ಕರಗುತ್ತದೆಯೇ ಎಂಬಂತೆ ನಕ್ಕು ಅವರು ಒತ್ತಿದರು.

ಪರದೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ 'ಸೂಕ್ತರು: ಒಬ್ಬರು' ಎಂದು ಬೆಳಗಿತು. ನೋಡನೋಡುತ್ತ ಹಳದಿ ಹೋಗಿ, ಎಳೆ ಚಿಗುರಿನಂಥ ಹಸಿರು ಹರಡಿತು. ಅಕ್ಕ, ರಾಯರು, ಬಾಗಿಲು ಕಾಯುವವನು ಮೂವರೂ ಒಳಗೆ ಬಂದು ಪರದೆಗೆ ಬಾಗಿದರು. ಇಷ್ಟು ದೊಡ್ಡ ಜಗತ್ತಿನಲ್ಲಿ ತನ್ನ ಕಷ್ಟಕ್ಕೆಂದೇ ಒಬ್ಬನನ್ನು ಎಲ್ಲೋ ಬಿಡುವಾಗಿರಿಸಿದ ಕೃಪೆ ಎಂಥದ್ದು! ಗುಮಾಸ್ತನ ಕಣ್ಣು ತುಂಬಿತು. ಸೊಂಟದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟ.

"ಬರೋರಿಗೆ ಕೊಡಿ ಸಾರ್. ಪುಣ್ಯಾತ್ಮರು ಯಾರು?"

ಮ್ಯಾನೇಜರು ಹೆಸರು ತೆರೆದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ನೀನೇ ಕಣಯ್ಯ."

"ನಾನಾ?"

"ಅನುಭವ ಇದೆ, ಆಫೀಸು ಗೊತ್ತು, ಒಂದು ದೂರೂ ಇಲ್ಲ. ನಾಳೆ ಬಿಡುವಾಗಿರೋದು ಯಾಕೆ ಅಂತಾನೂ ಬರೆದಿದೆ ನೋಡು: ರಜೆ."

"ಇನ್ನೊಂದು ಕೋರಿಕೆ ಹಾಕೋಣ ಸಾರ್."

"ತುಂಬಿದ ಜಾಗಕ್ಕೆ ಅದು ಇನ್ನೊಬ್ಬರನ್ನ ಹುಡುಕಲ್ಲಪ್ಪ."

"ನಿನ್ನಂಥೋನು ಇನ್ನೊಬ್ಬ ಇಲ್ಲ ಅಂತ ಅದೇ ಹೇಳ್ತಲ್ಲೋ," ಎಂದಳು ಅಕ್ಕ, ಪರದೆಯಿಂದ ಕಣ್ಣು ಕೀಳದೆ. ರಾಯರು ತಮಗರಿವಿಲ್ಲದೆ ಕೈ ಮುಗಿದಿದ್ದರು.

ನಾಳೆ ಪಟ್ಟಿ ಬಿಚ್ಚಿದಾಗ ಯಾರೋ ನರ್ಸಮ್ಮನ ಮುಖ ಹಿಡಿದು ತಾಯಿ ಮಗನನ್ನು ಹುಡುಕುವುದನ್ನು ನೆನೆದು ಗುಮಾಸ್ತ ನಿಂತೇ ಇದ್ದ. ಮ್ಯಾನೇಜರು ಮೇಜಿನ ಮೇಲಿದ್ದ ಬೀಗದ ಕೈ ತೆಗೆದು, ನಾಳೆ ಬರುವವನಿಗೆ ಸಲ್ಲಬೇಕಾದದ್ದನ್ನು ಮೆಲ್ಲಗೆ ಅವನ ಅಂಗೈಯಲ್ಲಿಟ್ಟರು.