ಬಿಡದ ಕುರ್ಚಿ

ಆ ಕುರ್ಚಿಗೆ ಕೈಗಳಿಲ್ಲದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. 'ಇದ್ದ ಹಾಗೇ ಇರೋಣ ಸಂಘ'ಕ್ಕೆ ಅದನ್ನು ಪುಕ್ಕಟೆ ಕೊಟ್ಟ ಮೇಜು-ಕುರ್ಚಿ ಅಂಗಡಿಯವನು ಕಡ್ಡಿ ಪೈಲ್ವಾನ. ತನ್ನ ಅಳತೆಗೇ ಮಾಡಿಸಿದ್ದ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದೆಂದು ಮೈ ತುಂಬಿದವರ ಆ ಸಂಘ ಅದನ್ನು ವೇದಿಕೆಯ ನಡುವೆ ಇಟ್ಟು ಅಧ್ಯಕ್ಷರ ಕುರ್ಚಿ ಎಂದು ಕರೆಯಿತು. ಅಧ್ಯಕ್ಷರು ಮಾತ್ರ ಸದಾ ನಿಂತೇ ಸಭೆ ನಡೆಸುತ್ತಿದ್ದರು. ಎಂಥ ವಿನಯವಪ್ಪಾ ಎಂದು ಜನ ಹೊಗಳುತ್ತಿದ್ದರು.

ಅಂದಿನ ಭಾಷಣ ಅಂಚೆ ಗುಮಾಸ್ತನದು. ಭಾಷಣ ಅವನಿಗೆ ಒಗ್ಗಿದ್ದಲ್ಲ. ಆದರೆ ಅಪ್ಪನ ಮೈಕಟ್ಟೇ ಬಂದಿದ್ದ ಮಗಳು ಶಾಲೆಯಲ್ಲಿ 'ಡ್ರಮ್ಮು' ಅನ್ನಿಸಿಕೊಂಡು ಆಟಕ್ಕೆ ಹೋಗುವುದನ್ನೇ ಬಿಟ್ಟಿದ್ದಳು. ಅವಳು ಕೇಳಲಿ ಎಂದೇ ಒಪ್ಪಿಕೊಂಡು, ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದ.

"ನನ್ನ ಮೈ ಬಗ್ಗೆ ನನಗೆ ಎಳ್ಳಷ್ಟೂ ನಾಚಿಕೆ ಇಲ್ಲ!" ಎಂದು ಗುಡುಗಿ, ಚಪ್ಪಾಳೆಯ ನಡುವೆ ಹತ್ತಿರವಿದ್ದ ಕುರ್ಚಿಯಲ್ಲಿ ಧೊಪ್ಪನೆ ಕೂತ. ಅದು ಅಧ್ಯಕ್ಷರ ಕುರ್ಚಿ.

ಅಧ್ಯಕ್ಷರು ಮೂಲೆಯಿಂದ ಓಡಿಬಂದರು. "ಅಯ್ಯೋ, ಅದರಲ್ಲಿ ಕೂರ್ಬೇಡ್ರೀ! ಏಳಿ, ಏಳಿ!"

ಗುಮಾಸ್ತ ಏಳಲು ನೋಡಿದ. ಮರದ ಕೈಗಳು ಸೊಂಟವನ್ನು ಇಕ್ಕಳದಂತೆ ಹಿಡಿದಿದ್ದವು. ಸಿಕ್ಕಿಕೊಂಡಿದ್ದೇನೆ ಎನ್ನೋಣವೆಂದರೆ, ನಾಚಿಕೆ ಇಲ್ಲ ಎಂದ ಬಾಯಿ ಇನ್ನೂ ಆರಿರಲಿಲ್ಲ. ಮಗಳು ಬೇರೆ ಕಣ್ಣರಳಿಸಿ ನೋಡುತ್ತಿದ್ದಳು.

"ಏಳಲ್ಲ," ಎಂದ. "ಇಲ್ಲೇ ಆರಾಮಾಗಿದೆ."

"ದಮ್ಮಯ್ಯ ಅಂತೀನಿ, ಏಳ್ರೀ!"

"ನೋಡಿದ್ರಾ, ಈ ಅಧ್ಯಕ್ಷರಿಗೆ ಕುರ್ಚಿ ಮೇಲೆ ಎಷ್ಟು ಆಸೆ!" ಎಂದಳು ಗುಮಾಸ್ತನ ಪಕ್ಕದ ಮನೆಯಾಕೆ. "ವಿನಯ ಅಂತೆ, ವಿನಯ!"

"ನಮ್ಮ ಗುಮಾಸ್ತ ಕೌಂಟರಲ್ಲೂ ಹೀಗೇ," ಎಂದರು ಅಂಚೆ ಕಚೇರಿಯ ಮೇಲಧಿಕಾರಿ. "ಕೂತ ಅಂದ್ರೆ ಏಳೋ ಆಸಾಮಿಯಲ್ಲ."

ಕಾರ್ಯದರ್ಶಿ ತೋಳು ಹಿಡಿದು ಎಳೆಯಲು ಬಂದ. ಅಷ್ಟರಲ್ಲಿ ಮಗಳು ಬೆಂಚಿನ ಮೇಲೆ ಹತ್ತಿ ನಿಂತಳು. "ನಮ್ಮಪ್ಪನ್ನ ಮುಟ್ಬೇಡಿ! ನಮ್ಮಪ್ಪ ಏಳಲ್ಲ!"

ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ. ಗುಮಾಸ್ತನಿಗೆ ಕಣ್ಣು ತುಂಬಿ ಬಂತು. ಏಳಲು ಇದ್ದ ಕೊನೆಯ ದಾರಿಯೂ ಮುಚ್ಚಿತು.

"ಏಳಲ್ಲ! ಏಳಲ್ಲ!" ಎಂದು ಸಭೆಯೇ ಕೂಗತೊಡಗಿತು. ಗಾಳಿ ಬಂದಾಗ ತೂರಿಕೊಳ್ಳುವ ಕಾರ್ಯದರ್ಶಿ ತೋಳು ಬಿಟ್ಟು ಮೈಕು ಹಿಡಿದು, ಇನ್ನು ಇವರೇ ಅಧ್ಯಕ್ಷರಾಗಲಿ ಎಂದ. ಗುಮಾಸ್ತ ನಿಂತ ನಿಲುವಿನಲ್ಲಿ, ಅಲ್ಲ, ಕೂತ ಕೂತಲ್ಲೇ ಅವಿರೋಧವಾಗಿ ಅಧ್ಯಕ್ಷನಾದ. ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಹಳೆಯ ಅಧ್ಯಕ್ಷರು.

ಜನ ಕರಗಿದರು. ಅಂಗಳದಲ್ಲಿ ಮಗಳು ಬೇರೆ ಮಕ್ಕಳ ಜೊತೆ ಓಡಾಡುತ್ತ ನಗುವುದು ಕೇಳಿಸುತ್ತಿತ್ತು. ಹಳೆಯ ಅಧ್ಯಕ್ಷರು ಬಾಗಿಲು ಹಾಕಿ ಬಂದು, ಜೇಬಿನಿಂದ ಸವೆದ ಸೋಪಿನ ತುಂಡು ತೆಗೆದು ಕುರ್ಚಿಯ ಕೈಗಳಿಗೆ ತಿಕ್ಕಿದರು.

"ಉಸಿರು ಬಿಡಿ. ಎಡಕ್ಕೆ ವಾಲಿ. ಈಗ ಏಳಿ."

ಗುಮಾಸ್ತ ಪುಳಕ್ಕನೆ ಹೊರಬಂದ. "ನಿಮಗೆ ಹೇಗೆ ಗೊತ್ತಾಯ್ತು ಸಾರ್?"

"ನಾನು ಅಧ್ಯಕ್ಷನಾಗಿದ್ದೂ ಹೀಗೇ ಕಣ್ರೀ." ಸೋಪನ್ನು ಅವನ ಅಂಗೈಯಲ್ಲಿಟ್ಟರು. "ಅಧಿಕಾರ ವಹಿಸ್ಕೊಳ್ಳಿ. ಒಂದು ಮಾತು ನೆನಪಿರ್ಲಿ, ಯಾವಾಗ್ಲೂ ನಿಂತೇ ಇರಿ."

ಬಾಗಿಲು ತಳ್ಳಿಕೊಂಡು ಮಗಳು ಒಳಗೆ ಬಂದಳು. ಮುಖ ಕೆಂಪಾಗಿತ್ತು, ಏದುಸಿರು ಬಿಡುತ್ತಿದ್ದಳು. "ಅಪ್ಪಾ, ಮುಂದಿನ ವಾರ ನಮ್ಮ ಕ್ಲಾಸಿನವರನ್ನೆಲ್ಲ ಕರ್ಕೊಂಡು ಬರ್ತೀನಿ. ಇದೇ ಕುರ್ಚೀಲಿ ಕೂತ್ಕೋತೀಯಲ್ಲ?"

ಗುಮಾಸ್ತ ಸೋಪನ್ನು ಮೆಲ್ಲಗೆ ಜೇಬಿಗಿಳಿಸಿದ.

"ಕೂತ್ಕೋತೀನಮ್ಮ."