ಹೊರಗಿನಿಂದ ಬೀಗ

ಮನೆಯಲ್ಲೇ ಕೂತು ಬರೆಯುವವನಿಗೆ ಬಾಗಿಲೇ ಶತ್ರು. ನಮ್ಮ ಲೇಖಕ ಕಚೇರಿಯ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಈ ಸತ್ಯವನ್ನು ದಿನವೂ ಕಂಡುಕೊಳ್ಳುತ್ತಿದ್ದ. ಕೆಳಮನೆಯ ಟೈಲರು "ಹೇಗೂ ಮನೇಲೇ ಇರ್ತೀರಲ್ಲ" ಎಂದು ಗಿರಾಕಿಗಳ ಬಟ್ಟೆ ಇವನಲ್ಲಿ ಇಟ್ಟು ಹೋಗುತ್ತಿದ್ದ. ಮೇಲ್ಮನೆಯ ಇನ್ಶೂರೆನ್ಸ್ ಏಜೆಂಟು ಅದೇ ಮಾತು ಹೇಳಿ ತನ್ನ ಮನೆಯ ಕೀಲಿಕೈ ಕೊಟ್ಟು ಹೋಗುತ್ತಿದ್ದ. ಎದುರುಮನೆಯ ದೊಡ್ಡಮ್ಮ ಮಾತ್ರ ಏನನ್ನೂ ಇಟ್ಟು ಹೋಗುತ್ತಿರಲಿಲ್ಲ. ಅವರು ಬಂದು ಕೂತುಬಿಡುತ್ತಿದ್ದರು. ಅವರು ಮಾತು ಶುರುಮಾಡಿದರೆ ಕೈಜಾರಿದ ನೂಲಿನುಂಡೆ ಮೆಟ್ಟಿಲಿಳಿದ ಹಾಗೆ. ಎಲ್ಲಿಗೆ ಹೋಗಿ ನಿಲ್ಲುತ್ತದೋ ಉಂಡೆಗೂ ಗೊತ್ತಿರುತ್ತಿರಲಿಲ್ಲ.

ಇದರಿಂದಾಗಿ ವಾರಪತ್ರಿಕೆಯೊಂದಕ್ಕೆ ಅವನು ಬರೆಯುತ್ತಿದ್ದ ಅಂಕಣ ಪ್ರತಿ ಸಲವೂ ತಡವಾಗುತ್ತಿತ್ತು. ಸಂಪಾದಕರು ಕೊನೆಗೆ ಖಂಡತುಂಡವಾಗಿ ಹೇಳಿದ್ದರು: "ಈ ಶುಕ್ರವಾರ ಸಂಜೆಯೊಳಗೆ ಬರದಿದ್ರೆ ಆ ಪುಟ ಬೇರೆಯವರಿಗೆ ಕೊಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಶುಕ್ರವಾರ ಬೆಳಗ್ಗೆ ಲೇಖಕ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಬೂಟು ಹಾಕಿಕೊಂಡು, ಕಚೇರಿಗೆ ಹೊರಟಿದ್ದ ಹೆಂಡತಿಯ ಮುಂದೆ ನಿಂತ.

"ಹೊರಗಿನಿಂದ ಬೀಗ ಹಾಕ್ಕೊಂಡು ಹೋಗು. ನನ್ನ ಫೋನೂ ತಗೊಂಡು ಹೋಗು."

"ತಲೆ ಸರಿ ಇದೆಯೇನ್ರೀ?"

"ಬೀಗ ನೋಡಿದ್ರೆ ಯಾರೂ ಬಾಗಿಲು ತಟ್ಟಲ್ಲ ಕಣೇ. ಇವತ್ತೊಂದು ದಿನ."

ಹೆಂಡತಿ ಅವನ ಬೂಟುಗಳನ್ನು ನೋಡಿದಳು, ಮುಖವನ್ನು ನೋಡಿದಳು, ನಿಟ್ಟುಸಿರು ಬಿಟ್ಟು ಬೀಗ ಹಾಕಿಕೊಂಡು ಹೋದಳು.

ಮನೆ ನಿಶ್ಶಬ್ದವಾಯಿತು. ಲೇಖಕ ಮೇಜಿನ ಮುಂದೆ ಕೂತು ಮೊದಲ ವಾಕ್ಯ ಬರೆದ. ಓದಿದ. ಹೊಡೆದುಹಾಕಿದ. ಇಷ್ಟು ದಿನ ತನ್ನ ಬರವಣಿಗೆಗೆ ಅಡ್ಡಿಯಾಗುತ್ತಿದ್ದುದು ಬರೀ ನೆರೆಹೊರೆಯೇ ಅಲ್ಲವೇನೋ ಎಂಬ ಅನುಮಾನ, ನಲ್ಲಿಯ ಹನಿಯ ಹಾಗೆ, ತೊಟ್ಟಿಕ್ಕತೊಡಗಿತು. ಅದನ್ನು ನಿಲ್ಲಿಸಲು ಎದ್ದು ಕನ್ನಡಕ ಒರೆಸಿದ, ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದ. ಮೇಲಿನ ಸಾಲಿನ ಪುಸ್ತಕಕ್ಕೆ ಕೈಚಾಚುವಾಗ ಕುರ್ಚಿ ಜಾರಿತು. ಅವನೂ ಕುರ್ಚಿಯೂ ಅಟ್ಟದಿಂದ ಪಾತ್ರೆ ಉರುಳಿದಂತೆ ನೆಲಕ್ಕೆ ಬಿದ್ದರು.

"ಯಾರದು ಒಳಗೆ?" ಹೊರಗಿನಿಂದ ದೊಡ್ಡಮ್ಮನ ದನಿ.

ಲೇಖಕ ಉಸಿರು ಬಿಗಿಹಿಡಿದ.

"ಬೀಗ ಹಾಕಿದ ಮನೇಲಿ ಸದ್ದು! ಏ ಟೈಲರಪ್ಪಾ, ಕತ್ತರಿ ಹಿಡ್ಕೊಂಡು ಬಾ! ಕಳ್ಳ ಸಿಕ್ಕಿಬಿದ್ದಿದಾನೆ!"

ಇನ್ನು ಸುಮ್ಮನಿದ್ದರೆ ಕೆಲಸ ಕೆಡುತ್ತದೆಂದು ಅವನು ಕಿಟಕಿಯ ಹತ್ತಿರ ಬಂದ. "ಕಳ್ಳ ಅಲ್ಲ ದೊಡ್ಡಮ್ಮ, ನಾನೇ."

"ನೀನಾ? ಮತ್ತೆ ಹೊರಗೆ ಬೀಗ?"

"ಅದು... ಅವಳು ಹಾಕ್ಕೊಂಡು ಹೋದ್ಲು."

ಕತ್ತರಿ ಹಿಡಿದು ಓಡಿಬಂದಿದ್ದ ಟೈಲರು ಅದನ್ನು ಮೆಲ್ಲಗೆ ಕೆಳಗಿಳಿಸಿದ. ಕಳ್ಳನೆಂದು ಕೂಗಿದ್ದಕ್ಕಿಂತ ಅದೇ ಲೇಖಕನಿಗೆ ಹೆಚ್ಚು ಚುಚ್ಚಿತು.

"ಅಯ್ಯೋ ಪಾಪ," ಎಂದರು ದೊಡ್ಡಮ್ಮ. "ಮಾಡಿದ್ದಾದ್ರೂ ಏನಪ್ಪ ನೀನು?"

"ಏನೂ ಮಾಡಿಲ್ಲ! ಬರೆಯೋಕೆ ಅಂತ ನಾನೇ ಹಾಕಿಸ್ಕೊಂಡೆ!"

"ಬರೆಯೋಕೆ ಬೀಗ ಯಾಕೆ? ಈ ಟೈಲರು ಬೀಗ ಹಾಕ್ಕೊಂಡು ಹೊಲೀತಾನಾ?"

ಅಷ್ಟರಲ್ಲಿ ಏಜೆಂಟೂ ಇಳಿದು ಬಂದಿದ್ದ. "ಫೋನೂ ಕಿತ್ಕೊಂಡಿದಾರಾ ಸಾರ್?" ಎಂದು ಮೆಲ್ಲಗೆ ಕೇಳಿದ. ಲೇಖಕ ಹೌದೆನ್ನಬೇಕಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿಟಕಿಯ ಸರಳುಗಳ ನಡುವೆ ಬಾಳೆಹಣ್ಣು ಬಂತು, ನೀರು ಬಂತು, ಧೈರ್ಯದ ಮಾತು ಬಂತು. ಬೇಡವೆಂದರೆ "ಸ್ವಾಭಿಮಾನಿ" ಎಂದರು; ತಿಂದರೆ "ಪಾಪ, ಎಷ್ಟು ಹಸಿದಿತ್ತೋ" ಎಂದರು. ಟೈಲರು ಬೀಗ ಒಡೆಯುವವನನ್ನು ಕರೆತರಲು ಓಡಿದ.

ಅತ್ತ ಸಂಪಾದಕರು ಲೇಖಕನಿಗೆ ಫೋನು ಮಾಡಿದರು. ಕಚೇರಿಯಲ್ಲಿದ್ದ ಹೆಂಡತಿ ಅದನ್ನೆತ್ತಿ, "ಎದುರುಮನೆ ದೊಡ್ಡಮ್ಮನ ನಂಬರ್ ಕೊಡ್ತೀನಿ, ಅವರು ಕಿಟಕಿಯಿಂದ ಫೋನನ್ನ ನಮ್ಮವರಿಗೆ ಕೊಡ್ತಾರೆ" ಎಂದಳು. ದೊಡ್ಡಮ್ಮನ ಫೋನು ಗುಣುಗುಟ್ಟಿತು. ಲೇಖಕ ಸರಳುಗಳಾಚೆ ಕೈಚಾಚಿದ.

"ಇರಪ್ಪ, ಒಂದೇ ನಿಮಿಷ," ಎಂದ ದೊಡ್ಡಮ್ಮ, "ಯಾರು, ಸಂಪಾದಕರಾ? ಅಯ್ಯೋ, ಇಲ್ಲಿನ ಕತೆ ಏನ್ ಕೇಳ್ತೀರಾ..." ಎನ್ನುತ್ತ ಮೆಟ್ಟಿಲಿನ ಕಡೆ ನಡೆದುಬಿಟ್ಟರು. ಲೇಖಕನಿಗೆ ಅವರ ಬೆನ್ನು ಕಾಣಿಸುತ್ತಿತ್ತು. ಆಗಾಗ ಒಂದೊಂದು ಮಾತು ಕೇಳಿಸುತ್ತಿತ್ತು. "ಬೂಟು ಹಾಕ್ಕೊಂಡೇ ಇದಾನೆ... ನಗ್ಬೇಡಿ, ನಿಜ..." ಚಾಚಿದ ಕೈ ಸೋತು ತಾನಾಗಿಯೇ ಒಳಗೆ ಬಂತು.

ಬೀಗ ಒಡೆಯಿತು. ಜನ ಒಳಗೆ ನುಗ್ಗಿದರು. ಯಾರೋ ಅವನ ಬೆನ್ನು ಸವರಿದರು, ಯಾರೋ ಚಹಾ ಮಾಡಿದರು. ನೆರೆಯವರ ಕರೆ ಬಂದು ಓಡೋಡಿ ಬಂದ ಹೆಂಡತಿಯನ್ನು ಇಡೀ ಕಟ್ಟಡವೇ ಜೈಲರನ್ನು ನೋಡುವಂತೆ ನೋಡಿತು. ಅವಳು ನೇರ ಅಡುಗೆಮನೆಗೆ ಹೋಗಿ, ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು. ಅದನ್ನು ಕಂಡು ಲೇಖಕನಿಗೆ ಅಳುವೇ ಬಂದಂತಾಯಿತು. ಎಲ್ಲರೂ ಹೊರಟ ಮೇಲೆ ಮೇಜಿನ ಮುಂದೆ ಕೂತು ನೋಡಿದ. ಹಾಳೆಯ ಮೇಲೆ ಹೊಡೆದುಹಾಕಿದ ಒಂದು ವಾಕ್ಯವಿತ್ತು. ಹೊರಗೆ ಸಂಜೆಯಾಗಿತ್ತು.

ಅವನೇ ಸಂಪಾದಕರಿಗೆ ಫೋನು ಮಾಡಿದ. "ಸಾರ್, ಕ್ಷಮಿಸಿ. ಇವತ್ತೂ ಆಗ್ಲಿಲ್ಲ."

"ಪುಟ ಆಗ್ಲೇ ತುಂಬಿದೆ," ಎಂದರು ಸಂಪಾದಕರು. ದನಿಯಲ್ಲಿ ಕೋಪವೇ ಇರಲಿಲ್ಲ. "ನಿಮ್ಮ ದೊಡ್ಡಮ್ಮ ಫೋನಲ್ಲಿ ಹೇಳಿದ್ದನ್ನೆಲ್ಲ ಹಾಗೇ ಬರೆಸ್ಕೊಂಡ್ವಿ. ಆಫೀಸಲ್ಲಿ ಎಲ್ರೂ ಹೊಟ್ಟೆ ಹಿಡ್ಕೊಂಡು ನಕ್ಕರು. ಇನ್ಮೇಲೆ ಅಂಕಣ ಅವರದೇ."

"ಹಾಗಾದ್ರೆ ನಾನು...?"

"ನಿಮ್ಮನ್ನ ಬಿಡ್ತೀವಾ? ಅವರಿಗೆ ಕೂತು ಬರೆಯೋಕಾಗಲ್ವಂತೆ. ದಿನಾ ನಿಮ್ಮನೆಗೆ ಬಂದು ಹೇಳ್ತಾರೆ, ನೀವು ಬರ್ಕೊಳ್ಳಿ. ಕೆಳಗೆ ಸಣ್ಣಕ್ಷರದಲ್ಲಿ ನಿಮ್ಮ ಹೆಸರೂ ಹಾಕೋಣ."

ಅವನು ಫೋನು ಕೆಳಗಿಡುವ ಮೊದಲೇ ದೊಡ್ಡಮ್ಮ ಬಾಗಿಲು ನೂಕಿಕೊಂಡು ಒಳಗೆ ಬಂದರು. ತಟ್ಟುವ ಅಗತ್ಯವೇ ಇರಲಿಲ್ಲ. ಕುರ್ಚಿ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು ಕೂತರು.

"ಮುಂದಿನ ವಾರದ್ದು ಈಗ್ಲೇ ಮುಗಿಸಿಬಿಡೋಣ ಕಣಪ್ಪ. ಕೆಲಸ ಅಂದ್ಮೇಲೆ ಶಿಸ್ತು ಬೇಕು. ಹೂಂ, ಬರ್ಕೊ. ನಮ್ಮ ಎದುರುಮನೇಲಿ ಒಬ್ಬ ಲೇಖಕ ಇದಾನೆ."

ಅವನು ಬರೆದುಕೊಂಡ.

"ಪಾಪ ಒಳ್ಳೇವನು."

ಪೆನ್ನು ಅರೆಕ್ಷಣ ನಿಂತಿತು.

"ಬರ್ಕೊಂಡ್ಯಾ?"

"ಬರ್ಕೊಂಡೆ ದೊಡ್ಡಮ್ಮ," ಎಂದು 'ಪಾಪ'ದ ಮುಂದೆ ಒಂದು ಅಲ್ಪವಿರಾಮ ಹಾಕಿದ. ಆ ದಿನ ಅವನು ಸ್ವಂತವಾಗಿ ಬರೆದದ್ದು ಅದೊಂದೇ.